ಅರ್ಧ ಪ್ರಾರ್ಥನೆಯಷ್ಟು ಹೊತ್ತು

ಬೆಳಗಿನ ಆರಕ್ಕೆ ಕನ್ಯೋನ ವ್ಯಾನು
ಕೆಮ್ಮಿ, ಸುಮ್ಮನಾಗಿ, ಮತ್ತೆ ಕೆಮ್ಮಿ ಹೊರಟಿತು.
ಹಿಂದೆ ದಿಂಬಿನ ಗಾತ್ರದ ಎಂಬತ್ತು ರೊಟ್ಟಿ,
ಮುಂದೆ ನಾವಿಬ್ಬರು,
ನಡುವೆ ಕನ್ನಡಿಗೆ ನೇತುಬಿದ್ದ ಸಂತನೊಬ್ಬ
ತಿರುವು ಬಂದಾಗಲೆಲ್ಲ ಬೇಡ ಬೇಡವೆಂದು ತಲೆಯಾಡಿಸುತ್ತ.

ಬಸಿಲಿಕಾತಾದಲ್ಲಿ ಹಳೆಯ ಊರುಗಳು ಕೆಳಗಿಲ್ಲ.
ಕೆಳಗೆ ಮಲೇರಿಯಾ ಇತ್ತು, ಕಳ್ಳರಿದ್ದರು,
ಕುದುರೆಯೇರಿ ಕಂದಾಯದವರು ಬರುತ್ತಿದ್ದರು;
ಅದಕ್ಕೇ ಅಜ್ಜಂದಿರು ಕತ್ತೆಗಳ ಮೇಲೆ ಕಲ್ಲು ಹೇರಿ
ಹದ್ದು ಕೂರಲು ಹಿಂಜರಿಯುವ ಜಾಗದಲ್ಲಿ
ಅಡುಗೆಮನೆ ಕಟ್ಟಿದರು, ಎನ್ನುತ್ತಾನೆ ಕನ್ಯೋ,
ಒಂದು ಕೈ ಸ್ಟಿಯರಿಂಗಿನ ಮೇಲೆ, ಒಂದು ಕೈ ಇತಿಹಾಸದಲ್ಲಿ.

ಮೊದಲ ಊರು.
ಕತ್ತೆಯ ಅಳತೆ ಹಿಡಿದು ಬಿಟ್ಟ ಓಣಿ, ವ್ಯಾನು ಒಳಹೋಗದು.
ಕಿಟಕಿಗಳಿಂದ ಹಗ್ಗ ಕಟ್ಟಿದ ಬುಟ್ಟಿಗಳು ಇಳಿಯುತ್ತವೆ,
ತಳದಲ್ಲಿ ಚಿಲ್ಲರೆ; ರೊಟ್ಟಿ ಹೊತ್ತು ಓಲಾಡುತ್ತ ಏರುತ್ತವೆ.
ಮೂರನೆಯ ಮಹಡಿಯಿಂದ ಒಂದು ದನಿ:
"ನಿನ್ನೆಯದು ಸೀದಿತ್ತು!"
"ನಿನ್ನೆ ಭಾನುವಾರ ಸಿನ್ಯೋರಾ, ನಾನು ಬಂದೇ ಇಲ್ಲ!"
"ಹಾಗಾದರೆ ಮೊನ್ನೆಯದು!"

ಎದುರು ಬೆಟ್ಟದ ಮೇಲೆ ಎರಡನೆಯ ಊರು.
ಕೂಗಿದರೆ ಕೇಳುವಷ್ಟು ಹತ್ತಿರ,
ಇಳಿದು ಹತ್ತಿದರೆ ಮುಕ್ಕಾಲು ಗಂಟೆ.
ಹಿಟ್ಟು ಲಟ್ಟಿಸಿ ಅಗಲ ಪಟ್ಟಿ ಕೊಯ್ದರೆ ಲಾಗಾನೆ.
ಇವರು ಕಡಲೆಗೆ ಲಾಗಾನೆ ಬೆರೆಸುತ್ತಾರೆ,
ಅವರು ಲಾಗಾನೆಗೆ ಕಡಲೆ.
ಎರಡೂ ಒಂದೇ ಅಲ್ಲವೇ, ಎಂದುಬಿಟ್ಟೆ.
ಕನ್ಯೋ ವ್ಯಾನನ್ನೇ ನಿಲ್ಲಿಸಿದ.
"ನನ್ನ ಮುಂದೆ ಅಂದೆ, ಸರಿ. ಅಲ್ಲಿ ಅನ್ನಬೇಡ.
ನಮ್ಮಮ್ಮ ಅಲ್ಲಿಂದ ಇಲ್ಲಿಗೆ ಮದುವೆಯಾಗಿ ಬಂದು
ನಲವತ್ತು ವರ್ಷ ಕಡಲೆ ಬೇಯಿಸಿದಳು.
ಸಾಯುವ ತನಕ ಹೊರಗಿನವಳು."

ಮೂರನೆಯದಕ್ಕೆ ರೊಟ್ಟಿ ಬೇಕಿಲ್ಲ.
ಅರ್ಧ ಬೆಟ್ಟ ಒಂದು ಚಳಿಗಾಲದಲ್ಲಿ ಜಾರಿಹೋಯಿತು,
ಉಳಿದರ್ಧಕ್ಕೆ ಸರಕಾರ ಬೀಗ ಹಾಕಿತು.
ತಂತಿಬೇಲಿಯಾಚೆ ಊರೊಲೆಯ ಬಾಯಿ,
ಬಾಯೊಳಗೆ ಅಂಜೂರದ ಗಿಡ.
ಕನ್ಯೋ ಜೇಬಿನಿಂದ ಮರದ ಮುದ್ರೆಯೊಂದು ತೆಗೆದ:
ಹುಂಜದ ತಲೆ, ಅಡಿಯಲ್ಲಿ ಎರಡಕ್ಷರ.
ಊರಿಗೆಲ್ಲ ಒಂದೇ ಒಲೆಯಿದ್ದ ಕಾಲದಲ್ಲಿ
ಹಸಿ ಹಿಟ್ಟಿಗೆ ಮನೆಯ ಗುರುತೊತ್ತಿ ಕಳಿಸುತ್ತಿದ್ದರಂತೆ,
ಬೆಂದ ರೊಟ್ಟಿ ದಾರಿ ತಪ್ಪದಿರಲೆಂದು.
ದಿನಕ್ಕೊಂದು ರೊಟ್ಟಿಗೆ ಈಗಲೂ ಹುಂಜ ಒತ್ತುತ್ತಾನೆ.
ಯಾರಿಗೆ ಎಂದು ನಾನು ಕೇಳಲಿಲ್ಲ.

ಕೆಳಗಿನ ಹೊಸ ಊರು. ನೇರ ಬೀದಿ, ನಂಬರು ಹಾಕಿದ ಮನೆಗಳು.
ಹದಿನೇಳರ ಬಾಗಿಲಿಗೆ ಕೆಂಪು ಸರ,
ಒಣಗಿ ಗಲಗಲವೆನ್ನುವ ಮೆಣಸಿನಕಾಯಿ.
ಬ್ಯಾಡಗಿಯ ಮೋರೆ; ಕಚ್ಚಿದರೆ ಸಿಹಿ.
ಜಗಳಕ್ಕೆ ಸಜ್ಜಾಗಿದ್ದ ನನ್ನ ನಾಲಗೆ ಪೆಚ್ಚಾಯಿತು.
ಇಂಕೊರೊನಾತಾ ನಕ್ಕಳು; ಎಂಬತ್ತೆಂಟು ವರ್ಷ, ಎರಡು ಹಲ್ಲು.
ಕಾಯಿಗಳನ್ನು ಎಣ್ಣೆಗೆ ಬಿಟ್ಟು
ಮರಿಯಮ್ಮನ ಪ್ರಾರ್ಥನೆ ಶುರು ಮಾಡಿದಳು,
ಅರ್ಧಕ್ಕೆ ನಿಲ್ಲಿಸಿ ಸರಕ್ಕನೆ ತೆಗೆದಳು.
ಪೂರ್ತಿ ಹೇಳಿದರೆ ಕಪ್ಪು, ಕಹಿ.
"ಉಳಿದರ್ಧ?"
"ಆಕೆಯೂ ಒಲೆ ಮುಂದೆ ನಿಂತವಳೇ. ಗೊತ್ತಾಗುತ್ತೆ."

ತಟ್ಟೆಯಲ್ಲಿ ಲಾಗಾನೆಯೋ ಕಡಲೆಯೋ, ನಾನು ಬಾಯಿ ಬಿಡಲಿಲ್ಲ.
ಮೇಲೆ ಹಳೆ ರೊಟ್ಟಿಯ ಪುಡಿ, ಎಣ್ಣೆಯಲ್ಲಿ ಹುರಿದದ್ದು:
ಚೀಸು ಕೊಳ್ಳಲಾಗದವರು ಕಂಡುಕೊಂಡ ಚೀಸು.
ಇಂದಿನ ರೊಟ್ಟಿಯನ್ನು ಅವಳು ತಿರುಗಿಸಿ ತಿರುಗಿಸಿ
ಹೆಬ್ಬೆರಳಲ್ಲಿ ಹುಂಜವನ್ನು ಹುಡುಕಿದಳು,
ಕುರುಡರು ಮುಖ ಮುಟ್ಟಿ ನೋಡುವಂತೆ.
ಆಮೇಲೆ ಮುಲಾಜಿಲ್ಲದೆ ಅದರ ಕುತ್ತಿಗೆಗೇ ಚಾಕು ಹಾಕಿ
ಮೊದಲ ತುಂಡು ನನಗೆ ಕೊಟ್ಟಳು.

ಸಂಜೆ ಮರಳುವಾಗ ಒಂದು ರೊಟ್ಟಿ ಉಳಿದಿತ್ತು.
ಮೊದಲ ಊರಿನ ಅದೇ ಓಣಿಯ ಬಾಯಲ್ಲಿ
ಕನ್ಯೋ ಕತ್ತೆತ್ತಿ ಕೂಗಿದ:
"ಇವತ್ತಿನದು ಹೇಗಿತ್ತು?"
"ಸೀದಿತ್ತು!"
ಬುಟ್ಟಿ ಇಳಿಯಿತು,
ಇನ್ನೊಂದಕ್ಕೆ.